ಬಿಸಿಯ ವಿಳಾಸ

ಏಪ್ರಿಲ್ ಹದಿನೆಂಟು. ಬೋಳಾರದ ನನ್ನ ಕೋಣೆಯಲ್ಲಿ
ದೋಣಿಯೊಂದರ ಮೂತಿ ನೀರು ಸೀಳುವುದನ್ನು
ಲೆಕ್ಕ ಹಾಕುತ್ತಿತ್ತು ಪ್ರೊಸೆಸರ್.
ನೀರು ಬರೇ ಅಂಕೆಗಳದ್ದು. ಬಿಸಿ ಮಾತ್ರ ನಿಜ:
ತೊಂಬತ್ತೇಳು, ತೊಂಬತ್ತೆಂಟು,
ಆಮೇಲೆ ತಾನಾಗಿ ನಿಧಾನಿಸಿತು
ಬಾವುಟಗುಡ್ಡೆ ಹತ್ತುವ ಹಳೇ ಸಿಟಿ ಬಸ್ಸಿನ ಹಾಗೆ.
ಸೋಮವಾರ ಬೆಂಗ್ರೆಯ ದೋಣಿ ಕಾರ್ಖಾನೆಗೆ ನಕ್ಷೆ ಕೊಡಬೇಕು.
ಪ್ರೊಸೆಸರಿನ ಜೊತೆ ಪುಕ್ಕಟೆ ಬಂದ ಫ್ಯಾನು
ಹಪ್ಪಳದಷ್ಟು ಅಗಲ; ಅದರದ್ದೇನು ತಪ್ಪು.

ಹಂಪನಕಟ್ಟೆ, ಮೂರನೇ ಮಹಡಿ, ನೌಶಾದನ ಅಂಗಡಿ.
ವಾಮನ ಮಾಮ ಕರೆಯದೆ ಜೊತೆಗೆ ಹೊರಟರು.
ಬಂದರಿನ ಐಸ್ ಪ್ಲಾಂಟಿನಲ್ಲಿ ಮೂವತ್ತೊಂದು ವರ್ಷ
ಅಮೋನಿಯದ ಕಂಪ್ರೆಸರ್ ನೋಡಿಕೊಂಡವರು,
ಎರಡೂ ಕಿವಿಗಳನ್ನು ಮುಕ್ಕಾಲು ಅಲ್ಲೇ ಬಿಟ್ಟು ಬಂದವರು.
"ತಂಪಿನ ವಿಷಯ ಅಲ್ವಾ ಮಾರಾಯ್ತಿ, ನಾನಿಲ್ಲದೆ ಹೇಗೆ?"

ನೌಶಾದ್ ಮೊದಲು ತೆಗೆದದ್ದು ನೀರಿನದ್ದು:
ಎರಡು ಕಪ್ಪು ಕೊಳವೆ, ಒಂದು ಪುಟ್ಟ ಪಂಪು,
ಮೂರು ಫ್ಯಾನಿನ ರೇಡಿಯೇಟರು, ಮೇಲಿಂದ ಬಣ್ಣಬಣ್ಣದ ದೀಪ.
ಹದಿನಾಲ್ಕು ಸಾವಿರ.
ಮಾಮ ಕೊಳವೆಯ ಕುತ್ತಿಗೆ ಹಿಸುಕಿ ಕೇಳಿದರು:
"ಪಂಪು ನಿಂತರೆ?"
"ನಿಲ್ಲುವುದಿಲ್ಲ ಅಂಕಲ್, ಐದು ವರ್ಷ ಗ್ಯಾರಂಟಿ,"
ಕಿವಿಯ ಹತ್ತಿರ ಬಗ್ಗಿ ಕೂಗಿದ ನೌಶಾದ್.
"ನಿಲ್ಲದ ಪಂಪು ನಾನು ನೋಡಿಲ್ಲ.
ಫ್ಯಾನು ನಿಂತರೆ ಕಣ್ಣಿಗೆ ಕಾಣ್ತದೆ. ಇದು ನಿಂತರೆ
ಹೇಳಲಿಕ್ಕೆ ಯಾರುಂಟು?"

ಆಮೇಲೆ ಗಾಳಿಯದ್ದು. ಜೋಡಿ ಗೋಪುರ,
ಒತ್ತೊತ್ತಾಗಿ ಪೇರಿಸಿದ ಅಲ್ಯೂಮಿನಿಯಮ್ ಹಾಳೆ,
ಅಡಿಯಿಂದ ಏರಿದ ಆರು ತಾಮ್ರದ ನಾಳ.
ಎತ್ತರ ನೂರ ಅರವತ್ತೈದು ಮಿಲಿಮೀಟರು.
ನನ್ನ ಪೆಟ್ಟಿಗೆಯೊಳಗೆ ನೂರ ಅರವತ್ತು,
ಅಮ್ಮನ ಟೈಲರಿಂಗ್ ಟೇಪಿನಲ್ಲಿ ಎರಡೆರಡು ಸಲ ಅಳೆದದ್ದು.
ಐದು ಮಿಲಿಮೀಟರು! ಬಾಗಿಲು ಮುಚ್ಚಲಾರದು.
ತೆರೆದಿಟ್ಟರೆ ಹಲ್ಲಿಗೊಂದು ಮನೆಯಾಯ್ತು,
ಉಪ್ಪುಗಾಳಿಗೆ ಒಂದು ತಿಂಡಿಯಾಯ್ತು.

"ಹಾಗಾದರೆ ಇದು ನೋಡಿ, ನೂರ ಐವತ್ತೇಳು.
ಸದ್ದು ಬರೇ ಇಪ್ಪತ್ತನಾಲ್ಕು ಡೆಸಿಬೆಲ್, ಕೇಳಿಸುವುದೇ ಇಲ್ಲ."
"ನನಗೆ ಯಾವುದೂ ಕೇಳಿಸುವುದಿಲ್ಲ," ಅಂದರು ಮಾಮ.
ಓಡುವ ಫ್ಯಾನಿನ ಚೌಕಟ್ಟಿಗೆ ಎರಡು ಬೆರಳಿಟ್ಟು
ಕಣ್ಣು ಮುಚ್ಚಿದರು.
ಅಂಗಡಿಯ ಹುಡುಗರು ಯಾಕೋ ಮಾತು ನಿಲ್ಲಿಸಿದರು.
"ಬೇರಿಂಗ್ ಒಳ್ಳೇದುಂಟು. ಇದು ಇರಲಿ.
ಆದರೆ ಒಂದು ಹೇಳು, ಇದು ಬಿಸಿಯನ್ನು ಒಯ್ದು
ಎಲ್ಲಿ ಹಾಕ್ತದೆ?"
"ಹೊರಗೆ."
"ಹೊರಗೆ ಅಂದರೆ?"

ಹೊರಗೆ ಅಂದರೆ ಪೆಟ್ಟಿಗೆಯ ಹೊರಗೆ.
ಅಂದರೆ ಮೇಜಿನ ಕೆಳಗೆ, ನನ್ನ ಮೊಣಕಾಲಿಗೆ,
ಮೂವತ್ತನಾಲ್ಕು ಡಿಗ್ರಿಯ, ಬೆವರೂ ಆರದ ನನ್ನ ಕೋಣೆಗೆ.

ಮೆಟ್ಟಿಲು ಇಳಿಯುವಾಗ ಹೇಳಿದರು:
"ತಂಪು ಅಂತ ಒಂದು ವಸ್ತುವೇ ಇಲ್ಲ.
ನಾವು ಐಸು ಮಾಡ್ತಿದ್ದದ್ದಲ್ಲ,
ನೀರಿನ ಬಿಸಿಯನ್ನು ಪೈಪಿನಲ್ಲಿ ಹೊತ್ತು
ಹಿಂದಿನ ಓಣಿಗೆ ಎಸೀತಿದ್ದೆವು.
ಆ ಓಣಿಯಲ್ಲಿ ಬೇಸಿಗೆಗೆ ನಾಯಿಯೂ ಮಲಗ್ತಿರಲಿಲ್ಲ."

ರಾತ್ರಿ ಪೇಸ್ಟು ಹಚ್ಚಿದೆ, ಕೊತ್ತಂಬರಿ ಕಾಳಿನಷ್ಟು.
ಸ್ಕ್ರೂಗಳಿಗೆ ಮೂಲೆಯಿಂದ ಎದುರು ಮೂಲೆಗೆ ಅರ್ಧರ್ಧ ಸುತ್ತು.
ಮಾಮ ಮೇಜನ್ನು ಗೋಡೆಯಿಂದ ಒಂದು ಗೇಣು ಎಳೆದು
ಪೆಟ್ಟಿಗೆಯನ್ನು ಮೇಲಿಟ್ಟು ಅದರ ಬೆನ್ನನ್ನು
ಕಿಟಕಿಗೆ ತಿರುಗಿಸಿದರು.
ಎಪ್ಪತ್ತೊಂಬತ್ತು. ಅಲ್ಲಿಂದ ಮೇಲೇರಲಿಲ್ಲ.
ಬೆಳಗಿನ ಜಾವ ಪರದೆಯಲ್ಲಿ ದೋಣಿ ನೀರಿಗಿಳಿದಿತ್ತು,
ಕಿಟಕಿಯಾಚೆ ಯಾರದೋ ಓಣಿ
ಒಂದಿಷ್ಟು ಬೆಚ್ಚಗಾಗಿರಬೇಕು.

ಈಗ ಜುಲೈ. ಹದಿನೇಳು ದಿನದಿಂದ ಬಟ್ಟೆ ಒಣಗಿಲ್ಲ.
ಇನ್ನೂ ಉದ್ದದ ದೋಣಿಯ ಲೆಕ್ಕ ಓಡುತ್ತಿದೆ.
ಫ್ಯಾನಿನ ಹಿಂದೆ, ಕಿಟಕಿಯ ಸರಳಿನಲ್ಲಿ
ಮಾಮನ ಬನಿಯನ್ನು ಮೆಲ್ಲನೆ ಉಬ್ಬುತ್ತಿದೆ.
"ಈಗಲೇ ನಿಲ್ಲಿಸಬೇಡ," ಅನ್ನುತ್ತಾರೆ ಒಳಗಿನಿಂದ,
"ಲುಂಗಿ ಒಂದು ಬಾಕಿ ಉಂಟು."